ಫಿಸಿಕ್ಸ್ 1 ಓದಿಸಬೇಕೋ, ನೇರವಾಗಿ ಸಿ ತೆಗೆದುಕೊಳ್ಳಬೇಕೋ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಬಯಾಲಜಿ ಮುಗಿದಿದೆ, ಈ ವರ್ಷ ಕೆಮಿಸ್ಟ್ರಿ ನಡೆಯುತ್ತಿದೆ. ಫಿಸಿಕ್ಸ್ ಇನ್ನೂ ಓದಿಲ್ಲ. ಗಣಿತದಲ್ಲಿ ಈಗ ಆಲ್ಜೀಬ್ರಾ 2, ಮುಂದಿನ ವರ್ಷ ಪ್ರೀಕ್ಯಾಲ್ಕುಲಸ್. ಹನ್ನೊಂದನೆಯ ತರಗತಿಗೆ ವಿಷಯ ಆರಿಸುವ ಅರ್ಜಿ ಬಂದಿದೆ. ಶಾಲೆಯಲ್ಲಿ ಆನರ್ಸ್ ಫಿಸಿಕ್ಸ್ (ಸಾಮಾನ್ಯ ತರಗತಿಗಿಂತ ಗಟ್ಟಿಯಾದದ್ದು), ಕಾಲೇಜು ಮಟ್ಟದ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಕೋರ್ಸುಗಳಾದ ಎಪಿ ಫಿಸಿಕ್ಸ್ 1, ಎಪಿ ಫಿಸಿಕ್ಸ್ 2, ಎಪಿ ಫಿಸಿಕ್ಸ್ ಸಿ ಎಲ್ಲವೂ ಇವೆ. ನಮ್ಮ ಯಜಮಾನರು ಊರಿನಲ್ಲಿ ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಓದಿದವರು. "ಫಿಸಿಕ್ಸ್ 1 ಓದುವುದು ದಂಡ, ಅದನ್ನು ಯಾವ ಒಳ್ಳೆಯ ಕಾಲೇಜೂ ಲೆಕ್ಕಕ್ಕೆ ಇಡುವುದಿಲ್ಲ, ನೇರವಾಗಿ ಸಿ ತೆಗೆದುಕೊಳ್ಳಲಿ" ಎನ್ನುತ್ತಾರೆ. ಸ್ನೇಹಿತರೊಬ್ಬರು, ಫಿಸಿಕ್ಸ್ 1ರಲ್ಲಿಯೇ ಹೆಚ್ಚು ಮಕ್ಕಳು ನಪಾಸಾಗುವುದು, ಸಿ ಅದಕ್ಕಿಂತ ಸುಲಭ ಎನ್ನುತ್ತಾರೆ. ಇನ್ನೊಬ್ಬರ ಮಗ ನಾಲ್ಕೂ ಪರೀಕ್ಷೆ ಬರೆದಿದ್ದಾನಂತೆ. ಮಗಳಿಗೆ ಇಂಜಿನಿಯರಿಂಗೋ ವೈದ್ಯಕೀಯವೋ ಇನ್ನೂ ತೀರ್ಮಾನವಾಗಿಲ್ಲ. ಈಗ ತಪ್ಪು ಆರಿಸಿದರೆ ಮುಂದೆ ಬಾಗಿಲು ಮುಚ್ಚಿಹೋಗುತ್ತದೆಯೇ ಎಂಬ ಭಯ ನನಗೆ.

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಇಲ್ಲ, ಬಾಗಿಲು ಮುಚ್ಚುವುದಿಲ್ಲ. ಅಮೆರಿಕದ ಹೈಸ್ಕೂಲಿನಲ್ಲಿ ಬಹಳ ವರ್ಷಗಳಿಂದ ಫಿಸಿಕ್ಸ್ ಕಲಿಸುತ್ತಿದ್ದೇನೆ. ಆನರ್ಸ್ ಮಾತ್ರ ಓದಿ ಹೋದವರು ಒಳ್ಳೆಯ ಇಂಜಿನಿಯರ್‌ಗಳಾದದ್ದನ್ನೂ ಕಂಡಿದ್ದೇನೆ, ಸಿ ಓದಿ ಐದಕ್ಕೆ ಐದು ಅಂಕ ಪಡೆದವರು ಕಾಲೇಜಿನಲ್ಲಿ ಫಿಸಿಕ್ಸ್ ಬೇಡವೇ ಬೇಡ ಎಂದದ್ದನ್ನೂ ಕಂಡಿದ್ದೇನೆ. ನಿಮ್ಮ ಮಗಳ ವಿಷಯದಲ್ಲಿ ಎರಡು ಸಂಗತಿ ತೂಗಿ ನೋಡಿದರೆ ಸಾಕು. ಅವಳ ಗಣಿತ ಈಗ ಎಲ್ಲಿದೆ, ಫಿಸಿಕ್ಸಿನ ಜೊತೆ ಮೊದಲ ಬಾರಿ ಕುಳಿತುಕೊಳ್ಳಲು ಅವಳಿಗೆ ಎಷ್ಟು ಸಮಯ ಸಿಗುತ್ತದೆ. ಮಿಕ್ಕದ್ದೆಲ್ಲ ಇವುಗಳ ಹಿಂದೆ ಬರುತ್ತದೆ.

ಹೆಸರುಗಳೇ ಗೊಂದಲ ಹುಟ್ಟಿಸುವುದರಿಂದ ಅವುಗಳನ್ನು ಮೊದಲು ಬಿಡಿಸುತ್ತೇನೆ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಎಪಿ ಫಿಸಿಕ್ಸ್‌ನಲ್ಲಿ ನಾಲ್ಕು ಕೋರ್ಸುಗಳಿವೆ. 1 ಮತ್ತು 2 ಬೀಜಗಣಿತದ ಮೇಲೆ ನಿಂತವು. ಸಿ ಎಂದು ನೀವು ಬರೆದದ್ದು ಒಂದೇ ಕೋರ್ಸ್ ಅಲ್ಲ, ಎರಡು: ಮೆಕ್ಯಾನಿಕ್ಸ್ ಒಂದು, ವಿದ್ಯುತ್ ಮತ್ತು ಕಾಂತತ್ವ ಇನ್ನೊಂದು. ಎರಡಕ್ಕೂ ಕ್ಯಾಲ್ಕುಲಸ್ ಬೇಕು, ಎರಡಕ್ಕೂ ಬೇರೆ ಬೇರೆ ಪರೀಕ್ಷೆ. ಫಿಸಿಕ್ಸ್ 1 ಮತ್ತು ಸಿ ಮೆಕ್ಯಾನಿಕ್ಸ್‌ನ ವಿಷಯ ಹೆಚ್ಚುಕಡಿಮೆ ಒಂದೇ: ಚಲನೆ, ಬಲ, ಶಕ್ತಿ, ಸಂವೇಗ, ತಿರುಗುವ ವಸ್ತುಗಳು, ಆಂದೋಲನ. 2024-25ರ ಪರಿಷ್ಕರಣೆಯಲ್ಲಿ ಫಿಸಿಕ್ಸ್ 1ಕ್ಕೆ ದ್ರವಗಳ ಪಾಠವೂ ಸೇರಿತು. ಫಿಸಿಕ್ಸ್ 2ರಲ್ಲಿ ಉಷ್ಣ, ವಿದ್ಯುತ್ತು, ಕಾಂತತ್ವ, ಬೆಳಕು, ತರಂಗ, ಆಧುನಿಕ ಭೌತಶಾಸ್ತ್ರದ ಪರಿಚಯ ಇವೆ. (ಅಣ್ಣನದೋ ಪಕ್ಕದ ಮನೆಯವರದೋ ಹಳೆಯ ತಯಾರಿ ಪುಸ್ತಕ ಸಿಕ್ಕರೆ ವರ್ಷ ನೋಡಿಕೊಳ್ಳಿ. 2020ಕ್ಕೆ ಮೊದಲಿನವುಗಳಲ್ಲಿ ಫಿಸಿಕ್ಸ್ 1ಕ್ಕೆ ವಿದ್ಯುತ್ ಮಂಡಲಗಳೂ ಇದ್ದವು. 2024ರ ಪರೀಕ್ಷೆಯವರೆಗಿನ ಯಾವುದರಲ್ಲಿಯೂ ಫಿಸಿಕ್ಸ್ 1ಕ್ಕೆ ದ್ರವಗಳು ಇರುವುದಿಲ್ಲ.)

ಇನ್ನು ನಿಮ್ಮ ಸ್ನೇಹಿತರ ಮಾತು. ಫಿಸಿಕ್ಸ್ 1ರಲ್ಲಿ ಹೆಚ್ಚು ಮಕ್ಕಳು ಎಡವುತ್ತಿದ್ದರು ಎಂಬುದು ನಿಜ. 2021ರಿಂದ 2024ರವರೆಗೆ ಪ್ರತಿ ವರ್ಷವೂ ಬರೆದವರಲ್ಲಿ ಅರ್ಧಕ್ಕಿಂತ ಕಡಿಮೆ ಮಕ್ಕಳು ಐದಕ್ಕೆ ಮೂರು ಅಥವಾ ಮೇಲಿನ ಅಂಕ ಪಡೆದರು, ಸಾಮಾನ್ಯವಾಗಿ ಉತ್ತೀರ್ಣ ಎನ್ನುವುದು ಆ ಮೂರರ ಗೆರೆಯನ್ನು. ಸಿ ಮೆಕ್ಯಾನಿಕ್ಸ್‌ನಲ್ಲಿ ಅದೇ ಹೊತ್ತಿಗೆ ಮುಕ್ಕಾಲು ಪಾಲಿನಷ್ಟು ಮಕ್ಕಳು ಆ ಗೆರೆ ದಾಟುತ್ತಿದ್ದರು. ಆದರೆ ಈ ಎರಡು ಸಂಖ್ಯೆಗಳು ಪರೀಕ್ಷೆಗಳನ್ನು ಹೋಲಿಸುವುದಿಲ್ಲ, ಪರೀಕ್ಷೆ ಬರೆಯಲು ಕುಳಿತವರನ್ನು ಹೋಲಿಸುತ್ತವೆ. ಫಿಸಿಕ್ಸ್ 1 ಬರೆಯುವವರು ಪ್ರತಿ ವರ್ಷ ಲಕ್ಷಕ್ಕೂ ಮೀರಿ ಇರುತ್ತಾರೆ. ಅವರಲ್ಲಿ ಬಹುಪಾಲು ಮಕ್ಕಳಿಗೆ ಅದೇ ಜೀವನದ ಮೊದಲ ಫಿಸಿಕ್ಸ್. ಸಿ ಬರೆಯುವವರು ಸಾಮಾನ್ಯವಾಗಿ ಹನ್ನೆರಡನೆಯ ತರಗತಿಯವರು, ಗಣಿತದಲ್ಲಿ ಗಟ್ಟಿಗರು, ಅನೇಕರು ಆಗಲೇ ಒಂದು ವರ್ಷ ಫಿಸಿಕ್ಸ್ ಓದಿದವರು. ಆ ಗುಂಪು ಫಿಸಿಕ್ಸ್ 1 ಬರೆದಿದ್ದರೆ ಅಲ್ಲಿಯೂ ಚೆನ್ನಾಗಿಯೇ ಮಾಡುತ್ತಿತ್ತು. ಹಾಗಾಗಿ ಉತ್ತೀರ್ಣದ ಪ್ರಮಾಣ ನೋಡಿ ಸಿ ಸುಲಭ ಎಂದುಕೊಳ್ಳಬೇಡಿ. ಪರೀಕ್ಷೆಯ ಸ್ವರೂಪ ಬದಲಾದ 2025ರಲ್ಲಿ ಫಿಸಿಕ್ಸ್ 1ರ ಪ್ರಮಾಣವೂ ಮೂರರಲ್ಲಿ ಎರಡು ಪಾಲಿಗೆ ಏರಿದೆ.

ಆದರೂ ಸ್ನೇಹಿತರ ಮಾತಿನಲ್ಲಿ ಒಂದು ಸತ್ಯ ಅಡಗಿದೆ. ಫಿಸಿಕ್ಸ್ 1 ಕಷ್ಟವೇ. ಅದರ ಕಷ್ಟ ಗಣಿತದ್ದಲ್ಲ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಕೊಡುವ ಒಂದು ಪ್ರಶ್ನೆಯನ್ನು ನಿಮಗೂ ಹೇಳುತ್ತೇನೆ. ನುಣುಪಾದ ಮೇಜಿನ ಮೇಲೆ ಮೂರು ಕಿಲೋದ ಒಂದು ಪೆಟ್ಟಿಗೆ ಇದೆ. ಅದಕ್ಕೆ ಕಟ್ಟಿದ ದಾರ ಮೇಜಿನ ಅಂಚಿನ ರಾಟೆಯ ಮೇಲೆ ಹಾದು ಕೆಳಗೆ ಇಳಿದಿದೆ, ಅದರ ತುದಿಯಲ್ಲಿ ಎರಡು ಕಿಲೋದ ತೂಕ ತೂಗಾಡುತ್ತಿದೆ. ಪೆಟ್ಟಿಗೆಯನ್ನು ಕೈಯಿಂದ ಹಿಡಿದಿದ್ದೇವೆ. ಈಗ ಕೈ ಬಿಟ್ಟರೆ ದಾರದ ಎಳೆತ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ, ಇದ್ದಷ್ಟೇ ಇರುತ್ತದೆಯೇ?

ಲೆಕ್ಕ ಮಾಡು ಎಂದರೆ ಚುರುಕಾದ ಮಕ್ಕಳು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಹಿಡಿದಿದ್ದಾಗ ಎಳೆತ ಇಪ್ಪತ್ತು ನ್ಯೂಟನ್, ಬಿಟ್ಟ ಮೇಲೆ ಹನ್ನೆರಡು. ಆದರೆ ಲೆಕ್ಕ ಕೇಳುವ ಮೊದಲು, ಬರೀ ಊಹಿಸಿ ಕಾರಣ ಹೇಳು ಎಂದರೆ, ಅದೇ ಚುರುಕು ಮಕ್ಕಳಲ್ಲಿ ಬಹಳ ಮಂದಿ ಎಳೆತ ಬದಲಾಗುವುದಿಲ್ಲ ಎನ್ನುತ್ತಾರೆ. ತೂಗುವ ವಸ್ತುವಿನ ಭಾರ ಬದಲಾಗಿಲ್ಲವಲ್ಲ ಎಂಬುದು ಅವರ ಕಾರಣ. ಅದು ಈಗ ಕೆಳಮುಖವಾಗಿ ವೇಗ ಪಡೆಯುತ್ತಿದೆ, ಹಾಗಿದ್ದ ಮೇಲೆ ಕೆಳಗೆಳೆಯುವ ಭಾರ ಮೇಲೆಳೆಯುವ ದಾರವನ್ನು ಮೀರಿರಲೇಬೇಕು, ಆದ್ದರಿಂದ ಎಳೆತ ಭಾರಕ್ಕಿಂತ ಕಡಿಮೆ: ಈ ಮೂರು ವಾಕ್ಯಗಳನ್ನು ತಾನಾಗಿ ಬರೆಯುವುದು ಹನ್ನೆರಡು ನ್ಯೂಟನ್ ಎಂದು ಬರೆಯುವುದಕ್ಕಿಂತ ಕಷ್ಟ. ಫಿಸಿಕ್ಸ್ 1 ಕೇಳುವುದು ಈ ವಾಕ್ಯಗಳನ್ನು. ಈಗಿನ ಪರೀಕ್ಷೆಯಲ್ಲಿ ನಾಲ್ಕು ಬರಹದ ಪ್ರಶ್ನೆಗಳಿವೆ. ಒಂದರಲ್ಲಿ ಲೆಕ್ಕವಿಲ್ಲದೆ ಮೊದಲು ತರ್ಕ ಹೇಳಬೇಕು, ಆಮೇಲೆ ಸಮೀಕರಣ ತಂದು ಎರಡೂ ತಾಳೆಯಾಗುತ್ತವೆಯೇ ಎಂದು ತೋರಿಸಬೇಕು. ಇನ್ನೊಂದರಲ್ಲಿ ಪ್ರಯೋಗವೊಂದನ್ನು ತಾನೇ ರೂಪಿಸಬೇಕು. ಸೂತ್ರಗಳ ಹಾಳೆಯನ್ನು ಅವರೇ ಕೊಡುತ್ತಾರೆ, ಕ್ಯಾಲ್ಕುಲೇಟರ್ ಬಳಸಬಹುದು. ಬಾಯಿಪಾಠಕ್ಕೆ ಅಲ್ಲಿ ಕೆಲಸವಿಲ್ಲ.

ಇದು ದೊಡ್ಡ ವಿಶ್ವವಿದ್ಯಾಲಯಗಳಲ್ಲಿಯೂ ಕಂಡ ಸಮಸ್ಯೆ. 1992ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಹೆಸ್ಟಿನಿಸ್ ಮತ್ತು ಜೊತೆಗಾರರು ಬಲದ ಕುರಿತ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ ಲೆಕ್ಕಗಳಿಲ್ಲ, ದಿನನಿತ್ಯದ ಸನ್ನಿವೇಶಗಳಿವೆ. ಆ ಬಗೆಯ ಪ್ರಶ್ನೆಗಳನ್ನು ಹಾರ್ವರ್ಡ್‌ನ ಎರಿಕ್ ಮಜೂರ್ ತಮ್ಮ ವಿದ್ಯಾರ್ಥಿಗಳಿಗೆ ಕೊಟ್ಟಾಗ, ಕಠಿಣ ಲೆಕ್ಕಗಳನ್ನು ಬಿಡಿಸುತ್ತಿದ್ದವರೂ ತಡವರಿಸಿದರು. ಮಜೂರ್ ತಾವು ಪಾಠ ಮಾಡುವ ಕ್ರಮವನ್ನೇ ಬದಲಿಸಿಕೊಳ್ಳಲು ಅದು ಕಾರಣವಾಯಿತು. ಮೊದಲ ವರ್ಷದ ಫಿಸಿಕ್ಸ್ ಅವಸರದಲ್ಲಿ ಆಗಬಾರದು ಎಂದು ನಾನು ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಅವರ ಅನುಭವ ಸುಳ್ಳಲ್ಲ. ಪಿಯುಸಿಯಲ್ಲಿ ಅವರು ಕ್ಯಾಲ್ಕುಲಸ್ ಮತ್ತು ಫಿಸಿಕ್ಸ್ ಎರಡನ್ನೂ ಒಟ್ಟಿಗೆ ಓದಿ ಗೆದ್ದವರು. ಆದರೆ ಅಲ್ಲಿ ಹೈಸ್ಕೂಲಿನ ವಿಜ್ಞಾನದಲ್ಲಿಯೇ ಪ್ರತಿ ವರ್ಷ ಒಂದಿಷ್ಟು ಭೌತಶಾಸ್ತ್ರ ಇರುತ್ತದೆ. ನ್ಯೂಟನ್ನನ ನಿಯಮಗಳು, ಓಮನ ನಿಯಮ, ಮಸೂರ, ದರ್ಪಣ ಎಲ್ಲವನ್ನೂ ಒಂದು ಸುತ್ತು ನೋಡಿಯೇ ಅವರು ಪಿಯುಸಿಗೆ ಬಂದರು. ಇಲ್ಲಿ ಹಾಗಿಲ್ಲ. ಒಂದು ವರ್ಷ ಪೂರ್ತಿ ಜೀವಶಾಸ್ತ್ರ, ಇನ್ನೊಂದು ವರ್ಷ ಪೂರ್ತಿ ರಸಾಯನಶಾಸ್ತ್ರ. ನಿಮ್ಮ ಮಗಳು ನೇರವಾಗಿ ಸಿ ಹಿಡಿದರೆ, ತಂದೆ ಹಲವು ವರ್ಷಗಳಲ್ಲಿ ಹಂತಹಂತವಾಗಿ ಹತ್ತಿದ್ದನ್ನು ಅವಳು ಒಂದೇ ಉಸಿರಿನಲ್ಲಿ ಹತ್ತಬೇಕು.

ಅದಕ್ಕಿಂತ ಮುಖ್ಯ, ಅವಳ ಗಣಿತ ಅಲ್ಲಿಗೆ ಇನ್ನೂ ತಲುಪಿಲ್ಲ. ಸಿ ಕೋರ್ಸಿಗೆ ಮೊದಲೇ ಕ್ಯಾಲ್ಕುಲಸ್ ಮುಗಿದಿರಬೇಕು, ಇಲ್ಲವೇ ಜೊತೆಜೊತೆಗೆ ನಡೆಯುತ್ತಿರಬೇಕು ಎಂಬುದು ಕಾಲೇಜ್ ಬೋರ್ಡಿನದೇ ಸೂಚನೆ. ಜೊತೆಜೊತೆಗೆ ಓದುವವರಿಗೂ ಏನಾಗುತ್ತದೆ ನೋಡಿ. ಸಿ ಮೆಕ್ಯಾನಿಕ್ಸ್‌ನ ಎರಡನೆಯ ಘಟಕದಲ್ಲಿ, ವೇಗ ಹೆಚ್ಚಿದಂತೆ ಹೆಚ್ಚುವ ಗಾಳಿಯ ತಡೆ ಬರುತ್ತದೆ. ಬೀಳುವ ವಸ್ತುವಿನ ವೇಗ ಏರಿದಂತೆ ತಡೆ ಏರುತ್ತದೆ, ತಡೆ ಏರಿದಂತೆ ವೇಗೋತ್ಕರ್ಷ ಇಳಿಯುತ್ತದೆ. ಯಾವ ಕ್ಷಣದಲ್ಲಿ ವೇಗ ಎಷ್ಟು ಎನ್ನಲು ಅವಕಲ ಸಮೀಕರಣ ಬರೆದು, ವೇಗವನ್ನು ಒಂದು ಬದಿಗೆ, ಕಾಲವನ್ನು ಇನ್ನೊಂದು ಬದಿಗೆ ತಂದು ಅನುಕಲಿಸಬೇಕು. ಇದು ಶಾಲೆ ತೆರೆದು ಒಂದೆರಡು ತಿಂಗಳಲ್ಲಿ ಎದುರಾಗುತ್ತದೆ. ಎಪಿಯ ಮೊದಲ ಕ್ಯಾಲ್ಕುಲಸ್ ಕೋರ್ಸಾದ ಕ್ಯಾಲ್ಕುಲಸ್ ಎಬಿ ತರಗತಿಯಲ್ಲಿ ಅವಕಲ ಸಮೀಕರಣ ಬರುವುದು ಎಂಟರಲ್ಲಿ ಏಳನೆಯ ಘಟಕವಾಗಿ, ವರ್ಷದ ಕೊನೆಯ ಭಾಗದಲ್ಲಿ. ನಡುವಿನ ಅಂತರವನ್ನು ಫಿಸಿಕ್ಸ್ ಶಿಕ್ಷಕರೇ ತುಂಬಿಸಬೇಕಾಗುತ್ತದೆ, ತುಂಬಿಸುತ್ತೇವೆ ಕೂಡ. ಕ್ಯಾಲ್ಕುಲಸ್ ಕಲಿಯುತ್ತಿರುವ ಮಗುವಿಗೆ ಅದು ಸಾಧ್ಯ. ಪ್ರೀಕ್ಯಾಲ್ಕುಲಸ್‌ನಲ್ಲಿರುವ ಮಗು ಆ ಹೊತ್ತಿಗೆ ಹಲಗೆಯ ಮೇಲಿರುವುದನ್ನು ಸುಮ್ಮನೆ ನಕಲು ಮಾಡಿಕೊಳ್ಳಲು ಶುರು ಮಾಡುತ್ತದೆ. ನಕಲು ಶುರುವಾದ ಮೇಲೆ ವಿಷಯದ ಮೇಲಿನ ಪ್ರೀತಿ ಉಳಿಯುವುದು ಅಪರೂಪ. ಒಳ್ಳೆಯ ಬುದ್ಧಿಯ ಮಕ್ಕಳು "ನನಗೆ ಫಿಸಿಕ್ಸ್ ಬರುವುದಿಲ್ಲ" ಎಂಬ ತೀರ್ಮಾನ ಹೊತ್ತು ಹೊರಗೆ ಹೋಗುವುದನ್ನು ನೋಡಿದಾಗ ನಿಜವಾಗಿ ಸಂಕಟವಾಗುತ್ತದೆ. ಅವರಿಗೆ ಬಾರದೆ ಇದ್ದದ್ದು ಫಿಸಿಕ್ಸ್ ಅಲ್ಲ, ಇನ್ನೂ ಯಾರೂ ಕಲಿಸದ ಗಣಿತ.

ಫಿಸಿಕ್ಸ್ 1 ಅನ್ನು ಕಾಲೇಜುಗಳು ಲೆಕ್ಕಕ್ಕೆ ಇಡುವುದಿಲ್ಲ ಎಂಬುದರಲ್ಲಿ ಎರಡು ಬೇರೆ ವಿಷಯಗಳು ಕಲೆತುಹೋಗಿವೆ. ಪ್ರವೇಶ ಒಂದು; ಕ್ರೆಡಿಟ್, ಅಂದರೆ ಎಪಿ ಅಂಕವನ್ನು ಕಾಲೇಜಿನ ಕೋರ್ಸೊಂದನ್ನು ಓದಿದ್ದಕ್ಕೆ ಸಮವೆಂದು ಒಪ್ಪಿಕೊಳ್ಳುವುದು, ಇನ್ನೊಂದು. ಕ್ರೆಡಿಟ್ ವಿಷಯದಲ್ಲಿ ನಿಮ್ಮ ಯಜಮಾನರು ಬಹುಮಟ್ಟಿಗೆ ಸರಿ. ಇಂಜಿನಿಯರಿಂಗ್ ಮತ್ತು ಭೌತಶಾಸ್ತ್ರದ ಪದವಿಗೆ ಕ್ಯಾಲ್ಕುಲಸ್ ಆಧಾರಿತ ಫಿಸಿಕ್ಸ್ ಬೇಕು. ಅದರ ಬದಲಿಗೆ 1 ಅಥವಾ 2ರ ಅಂಕವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಿ ಅಂಕವನ್ನು ಅನೇಕ ಕಡೆ ಒಪ್ಪುತ್ತಾರೆ, ನಾಲ್ಕು ಸಾಕೋ ಐದೇ ಬೇಕೋ ಎಂಬುದು ಆಯಾ ಕಾಲೇಜಿನ ಆಯಾ ವಿಭಾಗಕ್ಕೆ ಬಿಟ್ಟದ್ದು. ಪ್ರವೇಶದ ಕಥೆ ಬೇರೆ. ಅಲ್ಲಿ ನೋಡುವುದು, ಶಾಲೆಯಲ್ಲಿ ಸಿಗುತ್ತಿದ್ದ ಕೋರ್ಸುಗಳಲ್ಲಿ ಈ ವಿದ್ಯಾರ್ಥಿನಿ ಎಷ್ಟು ಗಟ್ಟಿಯಾದವನ್ನು ಆರಿಸಿಕೊಂಡಳು, ತರಗತಿಯಲ್ಲಿ ಯಾವ ಗ್ರೇಡ್ ಪಡೆದಳು ಎಂಬುದನ್ನು. ಹನ್ನೊಂದರಲ್ಲಿ ಫಿಸಿಕ್ಸ್ 1, ಹನ್ನೆರಡರಲ್ಲಿ ಸಿ ಎಂಬ ಏರಿಕೆ ಅವಳ ದಾಖಲೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಇಲ್ಲಿ ಬಹಳ ತಂದೆತಾಯಿಯರು ಗಮನಿಸದ ಒಂದು ಸಂಗತಿ ಇದೆ. ಎಪಿ ಪರೀಕ್ಷೆಗಳು ನಡೆಯುವುದು ಮೇ ತಿಂಗಳಲ್ಲಿ, ಅಂಕ ಬರುವುದು ಜುಲೈನಲ್ಲಿ. ಹನ್ನೆರಡನೆಯ ತರಗತಿಯ ಮೇನಲ್ಲಿ ಬರೆದ ಪರೀಕ್ಷೆಯ ಅಂಕ ಬರುವ ಹೊತ್ತಿಗೆ ಅವಳು ಯಾವ ಕಾಲೇಜಿಗೆ ಹೋಗುತ್ತಾಳೆ ಎಂಬುದು ಆಗಲೇ ನಿರ್ಧಾರವಾಗಿರುತ್ತದೆ. ಆ ಅಂಕದಿಂದ ಪ್ರವೇಶ ಸಿಗುವುದೂ ಇಲ್ಲ, ತಪ್ಪುವುದೂ ಇಲ್ಲ. ಕ್ರೆಡಿಟ್‌ಗೆ, ಮೊದಲ ವರ್ಷ ಯಾವ ತರಗತಿಗೆ ಸೇರಬೇಕು ಎಂಬುದಕ್ಕೆ ಮಾತ್ರ ಅದರ ಉಪಯೋಗ. ನಾಲ್ಕೂ ಪರೀಕ್ಷೆ ಬರೆದ ಹುಡುಗನ ವಿಷಯವೂ ಹೀಗೆಯೇ. ಫಿಸಿಕ್ಸ್ 1 ಮತ್ತು ಸಿ ಮೆಕ್ಯಾನಿಕ್ಸ್ ಒಂದೇ ವಿಷಯದ ಎರಡು ಮಟ್ಟಗಳಾದ್ದರಿಂದ ಎರಡಕ್ಕೂ ಸೇರಿಸಿ ಕ್ರೆಡಿಟ್ ಸಿಗುವುದನ್ನು ನಿರೀಕ್ಷಿಸಬಾರದು. ಇಷ್ಟಪಟ್ಟು ಬರೆದಿದ್ದರೆ ಸಂತೋಷ. ಪಟ್ಟಿ ಉದ್ದವಾಗಲಿ ಎಂದು ಬರೆಸಬೇಡಿ. ಪ್ರತಿ ಪರೀಕ್ಷೆಗೆ ಸುಮಾರು ನೂರು ಡಾಲರ್ ಖರ್ಚು, ಅದಕ್ಕಿಂತ ದುಬಾರಿ ಅವಳ ನಿದ್ದೆ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು ಯಾವುವು?

ನಾನು ಒಲವು ತೋರುವ ದಾರಿ: ಹನ್ನೊಂದರಲ್ಲಿ ಪ್ರೀಕ್ಯಾಲ್ಕುಲಸ್ ಜೊತೆ ಫಿಸಿಕ್ಸ್ 1, ಹನ್ನೆರಡರಲ್ಲಿ ಕ್ಯಾಲ್ಕುಲಸ್ ಜೊತೆ ಸಿ. ಹೀಗೆ ಬಂದ ಮಕ್ಕಳಿಗೆ ಸಿಯ ಮೆಕ್ಯಾನಿಕ್ಸ್ ಭಾಗ ಬೇಗ ಸಾಗುತ್ತದೆ. ಉಳಿದ ಸಮಯ ವಿದ್ಯುತ್ ಮತ್ತು ಕಾಂತತ್ವಕ್ಕೆ ಸಿಗುತ್ತದೆ. ಅದು ಸಿಗಲೇಬೇಕು, ಏಕೆಂದರೆ ಹೈಸ್ಕೂಲಿನಲ್ಲಿ ಸಿಗುವ ಫಿಸಿಕ್ಸ್‌ನಲ್ಲಿ ಅತ್ಯಂತ ಕಠಿಣ ಭಾಗ ಅದೇ. ಗಾಸ್ ನಿಯಮದಲ್ಲಿ ಕಣ್ಣಿಗೆ ಕಾಣದ ಕ್ಷೇತ್ರವನ್ನು ಕಲ್ಪನೆಯ ಮೇಲ್ಮೈಯ ಮೇಲೆ ಅನುಕಲಿಸಬೇಕು. ದಾರ, ಪೆಟ್ಟಿಗೆಗಳಂತೆ ಮುಟ್ಟಿ ನೋಡಲು ಅಲ್ಲಿ ಏನೂ ಇಲ್ಲ. ಈ ದಾರಿಯ ಅಪಾಯ, ಕೆಲವು ಮಕ್ಕಳಿಗೆ ಎರಡನೆಯ ವರ್ಷದ ಮೊದಲ ತಿಂಗಳುಗಳಲ್ಲಿ ಎಲ್ಲ ಗೊತ್ತು ಎನ್ನಿಸಿ ಓದು ಸಡಿಲವಾಗುತ್ತದೆ. ಆಮೇಲೆ ವಿದ್ಯುತ್ ಬಂದಾಗ ಕಾಲು ಕುಸಿಯುತ್ತದೆ.

ಆನರ್ಸ್ ಓದಿ ಆಮೇಲೆ ಸಿ ತೆಗೆದುಕೊಳ್ಳುವುದೂ ಒಳ್ಳೆಯ ದಾರಿಯೇ. ಎಷ್ಟು ಒಳ್ಳೆಯದು ಎಂಬುದು ಶಿಕ್ಷಕರ ಮೇಲೆ ನಿಂತಿದೆ. ಆನರ್ಸ್ ಎಂಬ ಹೆಸರಿಗೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮವಿಲ್ಲ. ಕೆಲವು ಶಾಲೆಗಳಲ್ಲಿ ಅದು ಫಿಸಿಕ್ಸ್ 1ರಷ್ಟೇ ಗಟ್ಟಿ, ಬೆಳಕು, ವಿದ್ಯುತ್ತನ್ನೂ ಮುಟ್ಟುವುದರಿಂದ ಹರವೂ ಹೆಚ್ಚು. ಕೆಲವು ಕಡೆ ತೀರಾ ಹಗುರ. ಈಗ ಸಿ ಓದುತ್ತಿರುವ ಒಂದಿಬ್ಬರು ಮಕ್ಕಳನ್ನು ನಿಮ್ಮ ಮಗಳೇ ಕೇಳಲಿ: ನೀವು ಎಲ್ಲಿಂದ ಬಂದಿರಿ, ಯಾರಿಗೆ ಕಷ್ಟವಾಯಿತು? ಕೌನ್ಸೆಲರ್ ಹೇಳುವುದಕ್ಕಿಂತ ಹೆಚ್ಚು ಅಲ್ಲಿ ತಿಳಿಯುತ್ತದೆ.

ವೈದ್ಯಕೀಯದ ಕಡೆ ಮನಸ್ಸು ವಾಲಿದರೆ 1, ಆಮೇಲೆ 2 ಎಂಬುದು ಅರ್ಥಪೂರ್ಣ ಆಯ್ಕೆ. ಮುಂದೆ ಬರೆಯಬೇಕಾದ ವೈದ್ಯಕೀಯ ಕಾಲೇಜುಗಳ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನ ಫಿಸಿಕ್ಸ್‌ಗೆ ಕ್ಯಾಲ್ಕುಲಸ್ ಬೇಡ. ದ್ರವಗಳು, ಉಷ್ಣ, ಮಸೂರ, ವಿದ್ಯುತ್ ಮಂಡಲ ಬೇಕು. ಆದರೆ ಒಂದು ಎಚ್ಚರಿಕೆ. ಫಿಸಿಕ್ಸ್‌ಗೆ ಎಪಿ ಕ್ರೆಡಿಟ್ ತೋರಿಸಿದರೆ ಕೆಲವು ವೈದ್ಯಕೀಯ ಕಾಲೇಜುಗಳು ಒಪ್ಪುವುದಿಲ್ಲ, ಕಾಲೇಜಿನಲ್ಲಿಯೇ ಓದಿರಬೇಕು ಎನ್ನುತ್ತವೆ. ಹಾಗಾಗಿ ಈ ದಾರಿಯಲ್ಲಿ ಕ್ರೆಡಿಟ್ ಲಾಭವೆಂದು ಎಣಿಸಬೇಡಿ, ಕಾಲೇಜಿನ ಫಿಸಿಕ್ಸ್ ಸಲೀಸಾಗುವುದೇ ಲಾಭ.

ಹೈಸ್ಕೂಲಿನಲ್ಲಿರುವಾಗಲೇ ಕಮ್ಯುನಿಟಿ ಕಾಲೇಜಿನಲ್ಲಿ (ಸ್ಥಳೀಯ ಎರಡು ವರ್ಷದ ಕಾಲೇಜು) ಫಿಸಿಕ್ಸ್ ಓದಿಸುವ ಸಲಹೆಯನ್ನೂ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೆಲವರಿಗೆ ಅದು ಚೆನ್ನಾಗಿ ಒದಗುತ್ತದೆ. ಆದರೆ ಅಲ್ಲಿ ಬಂದ ಗ್ರೇಡ್ ಕಾಲೇಜಿನ ಗ್ರೇಡ್, ಶಾಶ್ವತ. ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗ ಹೈಸ್ಕೂಲಿನಲ್ಲಿದ್ದಾಗ ಓದಿದ ಕಾಲೇಜು ಕೋರ್ಸುಗಳನ್ನೂ ತೋರಿಸಬೇಕು, ಅವೂ ಸರಾಸರಿಗೆ ಸೇರುತ್ತವೆ. ಎಪಿ ಅಂಕ ಚೆನ್ನಾಗಿ ಬಾರದಿದ್ದರೆ ಕಳುಹಿಸದೆ ಇರಬಹುದು. ಕಾಲೇಜಿನ ಗ್ರೇಡನ್ನು ಹಾಗೆ ಮಡಚಿಡಲು ಬರುವುದಿಲ್ಲ. ಹದಿನಾರರ ಹುಡುಗಿಯ ಒಂದು ಕೆಟ್ಟ ಸೆಮಿಸ್ಟರ್ ಅಷ್ಟು ದೂರ ಹಿಂಬಾಲಿಸುವುದು ಬೇಡ ಎಂದು ನನ್ನ ಅಭಿಪ್ರಾಯ.

ಹನ್ನೊಂದರಲ್ಲಿಯೇ ಸಿ ಎಂಬುದಕ್ಕೆ ನನ್ನ ಉತ್ತರ ನೀವು ಊಹಿಸಿರುತ್ತೀರಿ. ಬೇಸಿಗೆಯಲ್ಲಿ ಕ್ಯಾಲ್ಕುಲಸ್ ಒತ್ತಿ ತುಂಬಿಸಿ ಕಳುಹಿಸುವವರಿದ್ದಾರೆ. ಆ ಎರಡು ತಿಂಗಳು ನನ್ನ ಕೈಗೆ ಸಿಕ್ಕರೆ ನಾನು ಸದಿಶಗಳು, ತ್ರಿಕೋನಮಿತಿ, ಅಂಕಿಗಳಿಲ್ಲದ ಬರೀ ಅಕ್ಷರಗಳ ಸಮೀಕರಣಗಳನ್ನು ಬಿಡಿಸುವ ಅಭ್ಯಾಸ ಮಾಡಿಸುತ್ತೇನೆ. ಫಿಸಿಕ್ಸ್ ತರಗತಿಯಲ್ಲಿ ಮಕ್ಕಳು ಸೋಲುವುದು ಹೆಚ್ಚಾಗಿ ಈ ಮೂರರಲ್ಲಿ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಸಿಮ್ಯುಲೇಷನ್‌ಗಳು, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ಉಚಿತವಾಗಿವೆ, ಆಡುತ್ತ ನೋಡಲಿ. ಹಿಂದಿನ ವರ್ಷಗಳ ಬರಹದ ಪ್ರಶ್ನೆಗಳೂ ಅಂಕ ಕೊಡುವ ಮಾನದಂಡಗಳೂ ಕಾಲೇಜ್ ಬೋರ್ಡಿನ ತಾಣದಲ್ಲಿಯೇ ಉಚಿತವಾಗಿ ಸಿಗುತ್ತವೆ. ಕೋಚಿಂಗ್‌ಗೆ ಹಣ ಕಟ್ಟುವ ಮೊದಲು ಅವುಗಳನ್ನು ತೆರೆದು ನೋಡಿ.

ಅರ್ಜಿಗೆ ಸಹಿ ಹಾಕುವ ಮೊದಲು ಶಾಲೆಯಲ್ಲಿ ಎರಡು ಪ್ರಶ್ನೆ ಕೇಳಿ. ಪ್ರಯೋಗಾಲಯಕ್ಕೆ ಎಷ್ಟು ಸಮಯ ಕೊಡುತ್ತೀರಿ? ಪಾಠದ ಸಮಯದ ಕಾಲು ಭಾಗವಾದರೂ ಪ್ರಯೋಗಗಳಿಗೆ ಮೀಸಲಿರಬೇಕು ಎಂದು ಎಪಿ ಫಿಸಿಕ್ಸ್ ಕೋರ್ಸುಗಳಿಗೆ ನಿಯಮವೇ ಇದೆ. ಸಿಯ ಎರಡೂ ಭಾಗಗಳನ್ನು ಒಂದೇ ವರ್ಷದಲ್ಲಿ ಮುಗಿಸುತ್ತೀರಾ, ದಿನಕ್ಕೆ ಎಷ್ಟು ಪೀರಿಯಡ್? ದಿನಕ್ಕೆ ಒಂದೇ ಪೀರಿಯಡ್‌ನಲ್ಲಿ ಎರಡನ್ನೂ ಓಡಿಸುವ ಶಾಲೆಯಾದರೆ ಮೊದಲೇ ಫಿಸಿಕ್ಸ್ ಓದಿಕೊಂಡು ಹೋಗುವುದು ಇನ್ನೂ ಅಗತ್ಯ.

ಕ್ರೆಡಿಟ್ ಬಂದ ಮೇಲೂ ಅದನ್ನು ಬಳಸಲೇಬೇಕು ಎಂದಿಲ್ಲ. ಇಂಜಿನಿಯರಿಂಗ್ ಸೇರಿದರೆ, ಆ ಕಾಲೇಜಿನ ಮೊದಲ ಫಿಸಿಕ್ಸ್ ಕೋರ್ಸಿನ ಹಳೆಯ ಅಂತಿಮ ಪರೀಕ್ಷೆಯೊಂದನ್ನು ಬೇಸಿಗೆಯಲ್ಲಿ ಹುಡುಕಿ ಬಿಡಿಸಿ ನೋಡಲಿ. ನಿರಾಯಾಸವಾಗಿ ಬಂದರೆ ಮುಂದಿನ ಕೋರ್ಸಿಗೆ ಹೋಗಲಿ. ತಡವರಿಸಿದರೆ ಅದೇ ಕೋರ್ಸನ್ನು ಮತ್ತೆ ಓದಲಿ, ಹೊಸ ಊರು, ಹೊಸ ಜನರ ನಡುವೆ ಪರಿಚಿತ ವಿಷಯವೊಂದಿರುವುದು ಮೊದಲ ಸೆಮಿಸ್ಟರ್‌ನಲ್ಲಿ ಆಸರೆಯಾಗುತ್ತದೆ.

ಪರೀಕ್ಷೆಯ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಈಗ ಆರಿಸುತ್ತಿರುವುದು ತರಗತಿಯನ್ನು ಮಾತ್ರ. ಪರೀಕ್ಷೆಗೆ ಹೆಸರು ಕೊಡುವ ಗಡುವು ಶಾಲೆ ತೆರೆದ ಮೇಲೆ, ನವೆಂಬರ್ ಹೊತ್ತಿಗೆ ಬರುತ್ತದೆ. ಹನ್ನೆರಡರಲ್ಲಿ ಸಿ ಓದುವಾಗ ವಿದ್ಯುತ್ ಭಾಗ ತೀರಾ ಭಾರವೆನಿಸಿದರೆ ಮೆಕ್ಯಾನಿಕ್ಸ್ ಪರೀಕ್ಷೆಯನ್ನು ಮಾತ್ರ ಬರೆಯಬಹುದು. ಹೆಸರು ಕೊಟ್ಟು ಬರೆಯದಿದ್ದರೆ ಶುಲ್ಕದ ಒಂದು ಭಾಗ ಹೋಗುತ್ತದೆ, ಅಷ್ಟೇ.